ಪ್ರಬಂಧ ಬರೆಯುವವರು ಗ್ರಂಥಾಲಯಕ್ಕೆ ಯಾವಾಗ ಹೋಗಬೇಕು, ಏನು ಕೇಳಬೇಕು

ಸ್ನಾತಕೋತ್ತರ ಪದವಿಯ ಕೊನೆಯ ಸೆಮಿಸ್ಟರ್‌ನಲ್ಲಿ ಸಂಶೋಧನಾ ಪ್ರಬಂಧ ಇದ್ದರೆ ವಿದ್ಯಾರ್ಥಿಯ ಮೇಲೆ ಹಿಂದೆಂದೂ ಮಾಡದ ಕೆಲಸವೊಂದು ಬೀಳುತ್ತದೆ. ಅಲ್ಲಿಯವರೆಗೆ ಯಾರೋ ಕೊಟ್ಟ ಪ್ರಶ್ನೆಗೆ ಉತ್ತರ ಬರೆದರೆ ಸಾಕಿತ್ತು. ಈಗ ಪ್ರಶ್ನೆಯನ್ನೂ ತಾನೇ ಕಟ್ಟಬೇಕು, ಆ ಪ್ರಶ್ನೆಯ ಬಗ್ಗೆ ಈಗಾಗಲೇ ಯಾರು ಏನು ಬರೆದಿದ್ದಾರೆಂದು ಹುಡುಕಬೇಕು, ಹುಡುಕಿದ್ದನ್ನು ಎಲ್ಲಿಂದ ತಂದೆನೆಂದು ಸಾಲುಸಾಲಿಗೂ ಹೇಳಬೇಕು. ಪಿಎಚ್‌.ಡಿ.ಗೆ ನೋಂದಾಯಿಸಿದವರಿಗೂ ಇದೇ ಕೆಲಸ, ಅಳತೆ ಮಾತ್ರ ದೊಡ್ಡದು.

ಬಹಳಷ್ಟು ವಿದ್ಯಾರ್ಥಿಗಳು ಗ್ರಂಥಾಲಯದ ಮುಖ ನೋಡುವುದು ಎರಡೇ ಸಂದರ್ಭದಲ್ಲಿ: ಶುರುವಿನಲ್ಲಿ ಹಿಂದಿನ ವರ್ಷದವರ ಪ್ರಬಂಧ ಹೇಗಿದೆ ಎಂದು ತಿರುವಿಹಾಕಲು, ಕೊನೆಯಲ್ಲಿ ಕೃತಿಚೌರ್ಯದ ತಪಾಸಣಾ ವರದಿ ತೆಗೆಸಲು. ಆದರೆ ಗ್ರಂಥಾಲಯದಿಂದ ಹೆಚ್ಚು ಪ್ರಯೋಜನವಾಗುವುದು ವಿಷಯ ಇನ್ನೂ ಗಟ್ಟಿಯಾಗದ ಮೊದಲ ಎರಡು ಮೂರು ವಾರಗಳಲ್ಲಿ. ಆಗ ತಪ್ಪಿದ ದಾರಿ ಸರಿಮಾಡುವುದು ಸುಲಭ. ಮೂರು ಅಧ್ಯಾಯ ಬರೆದ ಮೇಲೆ ಕಷ್ಟ.

ಮೊದಲು ಕೆಲವು ಪದಗಳು

ಸಾರಲೇಖ ಎಂದರೆ ಪ್ರಬಂಧದ ಯೋಜನಾಪತ್ರ, ವಿದ್ಯಾರ್ಥಿಗಳ ಬಾಯಲ್ಲಿ ಸಿನಾಪ್ಸಿಸ್. ಆಕರಗಳಲ್ಲಿ ಎರಡು ಬಗೆ: ಶಾಸನ, ಸರ್ಕಾರಿ ಕಡತ, ಸಂದರ್ಶನ, ಅಂಕಿಅಂಶ ಮುಂತಾದ ಮೂಲ ಸಾಮಗ್ರಿ ಪ್ರಾಥಮಿಕ ಆಕರ. ಅವನ್ನು ಆಧರಿಸಿ ಇತರರು ಬರೆದ ಪುಸ್ತಕ, ಲೇಖನಗಳು ಆನುಷಂಗಿಕ ಆಕರ. ಗ್ರಂಥಾಲಯದಲ್ಲಿ ಯಾವ ಪುಸ್ತಕ ಇದೆ, ಯಾವ ಕಪಾಟಿನಲ್ಲಿದೆ ಎಂದು ಕಂಪ್ಯೂಟರಿನಲ್ಲಿ ತೋರಿಸುವ ಪಟ್ಟಿ ಒಪ್ಯಾಕ್. ಒಪ್ಯಾಕ್ ಪುಸ್ತಕದ ಹೆಸರನ್ನು ಹುಡುಕಿಕೊಡುತ್ತದೆಯೇ ಹೊರತು ಪುಸ್ತಕದ ಒಳಗಿನ ಅಧ್ಯಾಯವನ್ನಾಗಲೀ ನಿಯತಕಾಲಿಕೆಯೊಳಗಿನ ಲೇಖನವನ್ನಾಗಲೀ ಸಾಮಾನ್ಯವಾಗಿ ತೋರಿಸುವುದಿಲ್ಲ. ಲೇಖನಗಳಿಗೆ ಡೇಟಾಬೇಸ್ ಬೇಕು, ಎಂದರೆ ನಿಯತಕಾಲಿಕೆಗಳ ಲೇಖನಗಳನ್ನು ಹುಡುಕಿಕೊಡುವ ತಾಣ. ಇದು ಗೊತ್ತಿಲ್ಲದೆ ಒಪ್ಯಾಕ್‌ನಲ್ಲಿ ಒಂದು ಸಲ ಹುಡುಕಿ ‘ನನ್ನ ವಿಷಯದ ಮೇಲೆ ಏನೂ ಇಲ್ಲ’ ಎಂದು ವಾಪಸಾಗುವವರು ಬಹಳ.

ಪುಸ್ತಕ ಕೊಟ್ಟು ತೆಗೆದುಕೊಳ್ಳುವ ಕೌಂಟರ್ ಬೇರೆ, ಪರಾಮರ್ಶನ ವಿಭಾಗ ಬೇರೆ. ಮಾಹಿತಿ ಹುಡುಕಲು ನೆರವಾಗುವುದು ಎರಡನೆಯವರ ಕೆಲಸ. ನಿಮ್ಮ ಪ್ರಶ್ನೆಯನ್ನು ಅಲ್ಲಿಗೆ ಒಯ್ಯಿರಿ.

ವಿಷಯ ಗಟ್ಟಿಯಾಗುವ ಮುಂಚೆ

‘ಕರ್ನಾಟಕದ ಕೆರೆಗಳು’ ಎಂಬ ವಿಷಯದೊಂದಿಗೆ ಒಬ್ಬ ವಿದ್ಯಾರ್ಥಿನಿ ಬರುತ್ತಾಳೆ ಎಂದಿಟ್ಟುಕೊಳ್ಳೋಣ. ಅದು ಒಂದು ಪ್ರಬಂಧಕ್ಕೆ ಹಿಡಿಸುವ ವಿಷಯವಲ್ಲ. ಗ್ರಂಥಪಾಲಕರು ಅವಳ ಪರವಾಗಿ ವಿಷಯ ಆಯ್ದುಕೊಡಲಾರರು, ಅದು ಅವಳ ಮತ್ತು ಮಾರ್ಗದರ್ಶಕರ ಕೆಲಸ. ಆದರೆ ಯಾವ ಅಂಚಿನಲ್ಲಿ ಎಷ್ಟು ಸಾಮಗ್ರಿ ಸಿಗುತ್ತದೆಂದು ಅವರು ತೋರಿಸಬಲ್ಲರು. ಹಳೆಯ ಕಾಲದ ಕೆರೆಕಟ್ಟೆ ಎಂದರೆ ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 10ನೇ ಸಂಪುಟ ಇದೆ. 1905ರಲ್ಲಿ ಬಂದ ಆ ಸಂಪುಟ ಪೂರ್ತಿ ಕೋಲಾರ ಜಿಲ್ಲೆಯ ಶಾಸನಗಳದ್ದು. ಇಂದಿನ ಕೆರೆ ಎಂದರೆ ಕೇಂದ್ರ ಸರ್ಕಾರ 2023ರಲ್ಲಿ ಪ್ರಕಟಿಸಿದ ಮೊದಲ ಜಲಮೂಲಗಳ ಗಣತಿ ಇದೆ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ ಶುರುವಾದದ್ದು 2018ರಲ್ಲಿ. ಅದರ ಮೇಲಿನ ಬರಹ ಹೆಚ್ಚಾಗಿ ಪತ್ರಿಕೆ, ವರದಿ, ಲೇಖನಗಳಲ್ಲಿರುತ್ತದೆ, ಪುಸ್ತಕ ಕಡಿಮೆ. ಇಷ್ಟು ತಿಳಿದರೆ ವಿಷಯ ತಾನಾಗಿಯೇ ಕಿರಿದಾಗುತ್ತದೆ: ‘ಕೆ.ಸಿ. ವ್ಯಾಲಿ ನೀರು ಬಂದ ಮೇಲೆ ಕೋಲಾರ ತಾಲ್ಲೂಕಿನ ಎರಡು ಕೆರೆಗಳ ಅಚ್ಚುಕಟ್ಟಿನಲ್ಲಿ ರೈತರ ಬೆಳೆ ಪದ್ಧತಿ ಹೇಗೆ ಬದಲಾಗಿದೆ?’ ಸ್ಥಳ, ಕಾಲ, ಜನ, ಅಳೆಯಬಹುದಾದ ಒಂದು ಸಂಗತಿ, ಈ ನಾಲ್ಕೂ ಒಂದು ವಾಕ್ಯದಲ್ಲಿ ಕೂತರೆ ಪ್ರಶ್ನೆ ಸಿದ್ಧವಾದಂತೆ.

ಪರಾಮರ್ಶನ ವಿಭಾಗಕ್ಕೆ ಹೋಗುವಾಗ ಕೈಯಲ್ಲಿ ಒಂದೇ ಒಂದು ಹಾಳೆ ಇರಲಿ. ಅದರಲ್ಲಿ ತಾತ್ಕಾಲಿಕ ಶೀರ್ಷಿಕೆ, ಪ್ರಶ್ನೆ, ಈಗಾಗಲೇ ಸಿಕ್ಕ ಎರಡು ಮೂರು ಬರಹಗಳ ವಿವರ, ಯಾವ ಪದ ಹಾಕಿ ಎಲ್ಲಿ ಹುಡುಕಿದಿರಿ, ಸಲ್ಲಿಸುವ ದಿನಾಂಕ ಇಷ್ಟನ್ನು ಬರೆದುಕೊಳ್ಳಿ. ‘ಕೆರೆ ಬಗ್ಗೆ ಪುಸ್ತಕ ಇದೆಯಾ ಸರ್?’ ಎಂದು ಕೇಳಿದರೆ ಕಪಾಟಿನ ಸಂಖ್ಯೆ ಸಿಗುತ್ತದೆ. ಆ ಹಾಳೆ ಮುಂದಿಟ್ಟರೆ ಜೊತೆಗೆ ಕೂತು ಹುಡುಕುತ್ತಾರೆ. ಪುಸ್ತಕ ವಾಪಸು ಕೊಡುವವರ ನೂಕುನುಗ್ಗಲಿನ ಹೊತ್ತು ಬಿಟ್ಟು, ಮೊದಲೇ ಹೇಳಿ ಸಮಯ ತೆಗೆದುಕೊಳ್ಳುವುದು ಒಳ್ಳೆಯದು.

ಹುಡುಕುವ ಪದಗಳು

ಹುಡುಕಾಟ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಕೆರೆಗೆ ಇಂಗ್ಲಿಷ್ ಬರಹಗಳಲ್ಲಿ ಟ್ಯಾಂಕ್ ಎನ್ನುತ್ತಾರೆ. ಆ ಒಂದೇ ಪದ ಕೊಟ್ಟರೆ ಡೇಟಾಬೇಸ್ ಯುದ್ಧದ ಟ್ಯಾಂಕನ್ನೂ ನೀರಿನ ತೊಟ್ಟಿಯನ್ನೂ ತಂದು ಸುರಿಯುತ್ತದೆ. ‘ಟ್ಯಾಂಕ್ ಇರಿಗೇಷನ್’ ಎಂಬ ಎರಡು ಪದಗಳನ್ನು ಇಂಗ್ಲಿಷಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಅವೆರಡೂ ಅದೇ ಕ್ರಮದಲ್ಲಿ ಅಕ್ಕಪಕ್ಕ ಇರುವ ಬರಹ ಮಾತ್ರ ಬರುತ್ತದೆ. ಎರಡು ಪದಗಳ ನಡುವೆ ‘ಅಂಡ್’ ಹಾಕಿದರೆ ಎರಡೂ ಇರಲೇಬೇಕು, ಫಲಿತಾಂಶ ಕಡಿಮೆಯಾಗುತ್ತದೆ. ‘ಆರ್’ ಹಾಕಿದರೆ ಯಾವುದಾದರೊಂದಿದ್ದರೆ ಸಾಕು, ಫಲಿತಾಂಶ ಹೆಚ್ಚುತ್ತದೆ. ‘ನಾಟ್’ ಹಾಕಿದರೆ ಆ ಪದ ಇರುವುದೆಲ್ಲ ಹೊರಗೆ. ಒಂದೇ ಅರ್ಥದ ಪದಗಳನ್ನು ಆವರಣದೊಳಗೆ ಆರ್ ಹಾಕಿ ಪೋಣಿಸಿ, ಬೇರೆ ಬೇರೆ ಸಂಗತಿಗಳ ಗುಂಪುಗಳನ್ನು ಅಂಡ್ ಹಾಕಿ ಜೋಡಿಸಬೇಕು. ಇವನ್ನು ದೊಡ್ಡಕ್ಷರಗಳಲ್ಲಿ ಟೈಪ್ ಮಾಡುವುದು ಕ್ಷೇಮ, ಸಣ್ಣಕ್ಷರದಲ್ಲಿ ಕೊಟ್ಟರೆ ಕೆಲವು ಡೇಟಾಬೇಸ್‌ಗಳು ಅವನ್ನು ಮಾಮೂಲಿ ಪದ ಎಂದುಕೊಳ್ಳುತ್ತವೆ.

ಕನ್ನಡದ ಪದಗಳಿಗೆ ಇನ್ನೊಂದು ತೊಡಕಿದೆ. ಕೆರೆಯ ನೀರನ್ನು ಗದ್ದೆಗಳಿಗೆ ಬಿಡುವ ನೀರುಗಂಟಿಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದವರು ಆ ಪದವನ್ನು ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆದಿದ್ದಾರೆ. ‘ನೀ’ ಎಂಬುದಕ್ಕೆ ಎರಡು ಇ ಅಕ್ಷರವೋ ಒಂದು ಐ ಅಕ್ಷರವೋ, ನಡುವೆ ಉಕಾರ ಇದೆಯೋ ಇಲ್ಲವೋ ಎಂಬುದರ ಮೇಲೆ ನಾಲ್ಕು ರೂಪಗಳಾದರೂ ಆಗುತ್ತವೆ. ಎಲ್ಲವನ್ನೂ ಆರ್ ಹಾಕಿ ಹುಡುಕಬೇಕು. ವಚನ ಸಾಹಿತ್ಯದ ಮೇಲೆ ಕೆಲಸ ಮಾಡುವವರಿಗೂ ಇದೇ ಪಾಡು: ವಿದೇಶಿ ಗ್ರಂಥಾಲಯಗಳ ಲಿಪ್ಯಂತರದಲ್ಲಿ ‘ಚ’ಕ್ಕೆ ಸಿ ಅಕ್ಷರ ಒಂದೇ ಇರುತ್ತದೆ, ನಮ್ಮಲ್ಲಿ ಸಿ-ಎಚ್ ಎರಡೂ. ಕನ್ನಡ ಲಿಪಿಯಲ್ಲೇ ಹುಡುಕುವಾಗ ವಿಭಕ್ತಿ ಅಡ್ಡ ಬರುತ್ತದೆ. ಪೂರ್ತಿ ಪದ ಹೊಂದಬೇಕೆನ್ನುವ ವ್ಯವಸ್ಥೆಯಲ್ಲಿ ‘ಕೆರೆ’ ಎಂದರೆ ‘ಕೆರೆಗಳ’, ‘ಕೆರೆಯಲ್ಲಿ’ ಸಿಗುವುದಿಲ್ಲ. ಪದದ ಕೊನೆಗೆ ನಕ್ಷತ್ರ ಚಿಹ್ನೆ ಹಾಕಲು ಬಿಡುವ ಕಡೆ ಅದನ್ನು ಹಾಕಿ, ಇಲ್ಲದ ಕಡೆ ರೂಪಗಳನ್ನೆಲ್ಲ ಒಂದೊಂದಾಗಿ ಕೊಟ್ಟು ನೋಡಿ.

ಯಾವ ದಿನ, ಯಾವ ಡೇಟಾಬೇಸ್‌ನಲ್ಲಿ, ಯಾವ ಪದ, ಎಷ್ಟು ಫಲಿತಾಂಶ, ಎಷ್ಟು ಉಳಿಸಿಕೊಂಡಿರಿ ಎಂಬುದನ್ನು ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು ಬರೆದಿಡಿ. ಹಿಂದಿನ ಅಧ್ಯಯನಗಳ ಸಮೀಕ್ಷೆಯ ಅಧ್ಯಾಯ ಬರೆಯುವಾಗ ಅರ್ಧ ಕೆಲಸ ಅದರಿಂದಲೇ ಮುಗಿದಿರುತ್ತದೆ.

ಒಂದು ವಿಷಯ, ನಾಲ್ಕು ಕಪಾಟು

ನಮ್ಮ ಬಹುಪಾಲು ಕಾಲೇಜು, ವಿಶ್ವವಿದ್ಯಾಲಯ ಗ್ರಂಥಾಲಯಗಳಲ್ಲಿ ಪುಸ್ತಕಗಳನ್ನು ಜೋಡಿಸಿರುವುದು ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ. ಕನ್ನಡ ಭಾಷೆಗೆ 494.814, ಕನ್ನಡ ಸಾಹಿತ್ಯಕ್ಕೆ 894.814, ಕರ್ನಾಟಕದ ಇತಿಹಾಸಕ್ಕೆ 954.87. ಸಾಹಿತ್ಯದ ವಿದ್ಯಾರ್ಥಿಗೆ ಒಂದೇ ಸಾಲಿನ ಕಪಾಟು ಸಾಕಾಗಬಹುದು. ಕೆರೆಯ ವಿದ್ಯಾರ್ಥಿನಿಗೆ ಸಾಕಾಗದು. ನೀರನ್ನು ಸಂಪನ್ಮೂಲವಾಗಿ ನೋಡುವ ಪುಸ್ತಕ 333.91ರಲ್ಲಿ, ಏರಿ-ತೂಬಿನ ಎಂಜಿನಿಯರಿಂಗ್ 627ರಲ್ಲಿ, ಬೇಸಾಯದ ನೀರಾವರಿ 631.587ರಲ್ಲಿ, ಕೆರೆ ಕಟ್ಟಿಸಿದವರ ಚರಿತ್ರೆ 954.87ರಲ್ಲಿ ಕೂತಿರುತ್ತದೆ. ಒಪ್ಯಾಕ್‌ನಲ್ಲಿ ಒಂದು ಒಳ್ಳೆಯ ಪುಸ್ತಕ ಸಿಕ್ಕ ಕೂಡಲೇ ಅದರ ದಾಖಲೆಯಲ್ಲಿರುವ ವಿಷಯ ಶೀರ್ಷಿಕೆಯ ಮೇಲೆ ಒತ್ತಿದರೆ ಅದೇ ವಿಷಯದ ಉಳಿದ ಪುಸ್ತಕಗಳು ಯಾವ ಸಂಖ್ಯೆಯಲ್ಲಿದ್ದರೂ ಒಟ್ಟಿಗೆ ಬರುತ್ತವೆ.

ಶೋಧಗಂಗಾವನ್ನು ಓದುವ ಕ್ರಮ

ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾದಲ್ಲಿ ಭಾರತದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಮಹಾಪ್ರಬಂಧಗಳು ಲಕ್ಷಗಟ್ಟಲೆ ಇವೆ, ಉಚಿತವಾಗಿ. ಅನುಮೋದನೆಯಾದ ಸಾರಲೇಖಗಳಿಗೆ ಶೋಧಗಂಗೋತ್ರಿ ಎಂಬ ಬೇರೆ ತಾಣವಿದೆ. ನಿಮ್ಮ ವಿಷಯದ ಮೇಲೆ ಸದ್ಯ ಯಾರು ಕೆಲಸ ಮಾಡುತ್ತಿದ್ದಾರೆಂದು ಅದರಿಂದ ಅಂದಾಜು ಸಿಗುತ್ತದೆ.

ಪ್ರಬಂಧಗಳು ಅಧ್ಯಾಯವಾರು ಕಡತಗಳಾಗಿ ಇರುತ್ತವೆ. ಮೊದಲು ಕೊನೆಯ ಅಧ್ಯಾಯ ತೆರೆಯಿರಿ. ಸಂಶೋಧಕರು ಏನು ಕಂಡುಕೊಂಡರು, ಮುಂದಿನವರಿಗೆ ಏನು ಬಿಟ್ಟರು ಎಂಬುದು ಅಲ್ಲಿದೆ. ಆಮೇಲೆ ಗ್ರಂಥಸೂಚಿ. ಅದರಲ್ಲಿ ಪದೇಪದೇ ಕಾಣುವ ಹೆಸರುಗಳೇ ಆ ಕ್ಷೇತ್ರದ ಮುಖ್ಯ ಬರಹಗಾರರು. ಹೀಗೆ ಹಿಂದಕ್ಕೆ ಹೋಗುವುದು ಒಂದು ದಾರಿ. ಗೂಗಲ್ ಸ್ಕಾಲರ್‌ನಲ್ಲಿ ಒಂದು ಲೇಖನದ ಕೆಳಗೆ ಅದನ್ನು ಉಲ್ಲೇಖಿಸಿದವರ ಪಟ್ಟಿ ಇರುತ್ತದೆ, ಅದರ ಮೂಲಕ ಮುಂದಕ್ಕೆ ಬರಬಹುದು.

ಕನ್ನಡದಲ್ಲಿ ಬರೆದ ಮಹಾಪ್ರಬಂಧಗಳ ವಿಷಯದಲ್ಲಿ ಎಚ್ಚರ ಬೇಕು. ಹಲವು ಪ್ರಬಂಧಗಳು ಸ್ಕ್ಯಾನ್ ಮಾಡಿದ ಚಿತ್ರಗಳು, ಇನ್ನು ಕೆಲವು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಆದವು. ಎರಡರ ಒಳಗೂ ಕನ್ನಡ ಪದ ಹಾಕಿ ಹುಡುಕಲಾಗದು. ಶೀರ್ಷಿಕೆಯನ್ನೂ ಕೆಲವೊಮ್ಮೆ ರೋಮನ್ ಲಿಪಿಯಲ್ಲಿ ದಾಖಲಿಸಿರುತ್ತಾರೆ. ಆದ್ದರಿಂದ ಪದದ ಹುಡುಕಾಟದಲ್ಲಿ ಸಿಗಲಿಲ್ಲವೆಂದು ಬಿಡದೆ, ವಿಶ್ವವಿದ್ಯಾಲಯ, ಅದರೊಳಗೆ ಕನ್ನಡ ವಿಭಾಗ ಎಂದು ಆಯ್ದು ಪಟ್ಟಿಯನ್ನು ಕಣ್ಣಾಡಿಸಿ. ಹಾಗೆ ಮಾಡದೆ ‘ಈ ವಿಷಯದ ಮೇಲೆ ಇದುವರೆಗೆ ಅಧ್ಯಯನವೇ ನಡೆದಿಲ್ಲ’ ಎಂದು ಬರೆದು, ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರಿಂದ ಎರಡು ಪ್ರಬಂಧಗಳ ಹೆಸರು ಕೇಳಿಸಿಕೊಳ್ಳುವ ಗತಿ ಯಾರಿಗೂ ಬೇಡ.

ದುಡ್ಡು ಕೇಳುವ ಲೇಖನಗಳು

ಒಳ್ಳೆಯ ಲೇಖನದ ಕೊಂಡಿ ಒತ್ತಿದರೆ ಪ್ರಕಾಶಕರ ಪುಟ ಡಾಲರ್ ಲೆಕ್ಕದಲ್ಲಿ ಹಣ ಕೇಳುತ್ತದೆ. ಕೊಡುವ ಮುಂಚೆ ಗ್ರಂಥಾಲಯವನ್ನು ಕೇಳಿ. ಕೇಂದ್ರ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಡಿ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಕೇಂದ್ರ ಮತ್ತು ರಾಜ್ಯ ಸರ್ಕಾರಗಳ 6,300ಕ್ಕೂ ಹೆಚ್ಚು ವಿದ್ಯಾಸಂಸ್ಥೆಗಳಿಗೆ 2025ರಿಂದ ತೆರೆದುಕೊಂಡಿವೆ. 2025ರಿಂದ 2027ರವರೆಗಿನ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ಇಟ್ಟಿದ್ದಾರೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜೂ ಇದಕ್ಕೆ ಅರ್ಹ. ಆದರೆ ಕಾಲೇಜು ನೋಂದಾಯಿಸಿರಬೇಕು, ನಿಮ್ಮ ಹೆಸರಿನಲ್ಲಿ ಲಾಗಿನ್ ಆಗಿರಬೇಕು. ಎರಡನ್ನೂ ಮಾಡಿಕೊಡುವುದು ಸಾಮಾನ್ಯವಾಗಿ ಗ್ರಂಥಾಲಯವೇ. ಮನೆಯಿಂದ ಓದಲು ಇನ್‌ಫೆಡ್ ಎಂಬ ಪ್ರವೇಶ ವ್ಯವಸ್ಥೆಯಿದೆ, ಅದರ ಗುರುತು-ಗುಪ್ತಪದವನ್ನು ಸೆಮಿಸ್ಟರ್ ಶುರುವಾದ ಕೂಡಲೇ ಕೇಳಿಟ್ಟುಕೊಳ್ಳಿ.

ಖಾಸಗಿ ಕಾಲೇಜಿನವರು ನಿರಾಶರಾಗಬೇಕಿಲ್ಲ. ನಿಮ್ಮ ಗ್ರಂಥಾಲಯ ಡೆಲ್‌ನೆಟ್ ಎಂಬ ಗ್ರಂಥಾಲಯಗಳ ಜಾಲದ ಸದಸ್ಯತ್ವ ಹೊಂದಿದ್ದರೆ ಬೇರೆ ಗ್ರಂಥಾಲಯದ ಪುಸ್ತಕವನ್ನು ಎರವಲಾಗಿ, ಲೇಖನವನ್ನು ಪ್ರತಿಯಾಗಿ ತರಿಸಬಹುದು. ಐಐಟಿ ಖರಗಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯಕ್ಕೆ ಯಾರು ಬೇಕಾದರೂ ನೋಂದಾಯಿಸಬಹುದು.

ಎಲ್ಲವೂ ಪರದೆಯ ಮೇಲೆ ಸಿಗುವುದಿಲ್ಲ ಎಂಬುದನ್ನು ಸ್ಥಳೀಯ ವಿಷಯದ ಮೇಲೆ ಕೆಲಸ ಮಾಡುವವರು ಮರೆಯಬಾರದು. ಆಡಳಿತದ ಹಳೆಯ ಕಡತಗಳಿಗೆ ವಿಧಾನಸೌಧದ ರಾಜ್ಯ ಪತ್ರಾಗಾರ, ಹಸ್ತಪ್ರತಿಗಳಿಗೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಗ್ರಾಮೀಣ ಆರ್ಥಿಕತೆಯ ವರದಿಗಳಿಗೆ ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ ಗ್ರಂಥಾಲಯ, ಹೀಗೆ ಹೋಗಲೇಬೇಕಾದ ಜಾಗಗಳಿವೆ. ವಿಭಾಗದ ಮುಖ್ಯಸ್ಥರ ಅಥವಾ ನಿಮ್ಮ ಗ್ರಂಥಪಾಲಕರ ಸಹಿ-ಮೊಹರಿರುವ ಪರಿಚಯ ಪತ್ರ, ಕಾಲೇಜಿನ ಗುರುತಿನ ಚೀಟಿ ಜೊತೆಗಿರಲಿ. ಏನು ನೋಡಬೇಕೆಂದು ಮೊದಲೇ ಫೋನ್ ಅಥವಾ ಇಮೇಲ್ ಮೂಲಕ ತಿಳಿಸಿ. ಕಡತ ಹೊರತೆಗೆಯಲು ಹೊತ್ತು ಬೇಕಾಗುತ್ತದೆ.

ಉಲ್ಲೇಖಗಳನ್ನು ಮೊದಲ ದಿನದಿಂದ ಕೂಡಿಡುವುದು

ಜೋಟೆರೊ ಎಂಬ ಉಚಿತ ತಂತ್ರಾಂಶ ಪುಸ್ತಕ, ಲೇಖನಗಳ ವಿವರ ಕೂಡಿಟ್ಟುಕೊಂಡು, ವರ್ಡ್ ಕಡತದಲ್ಲಿ ಬೇಕಾದ ಕಡೆ ಉಲ್ಲೇಖ ಸೇರಿಸಿ, ಕೊನೆಗೆ ಗ್ರಂಥಸೂಚಿಯನ್ನು ತಾನೇ ತಯಾರಿಸುತ್ತದೆ. ವಿವರಗಳಿಗೆ ಮಿತಿಯಿಲ್ಲ. ಪಿಡಿಎಫ್‌ಗಳನ್ನು ಅವರ ಸರ್ವರ್‌ನಲ್ಲಿ ಇಡುವುದಾದರೆ 300 ಎಂಬಿ ಉಚಿತ. ಉಲ್ಲೇಖ ಬರೆಯಲು ಸಾಹಿತ್ಯದವರು ಹೆಚ್ಚಾಗಿ ಎಂಎಲ್‌ಎ ಎಂಬ ಶೈಲಿ, ಸಮಾಜವಿಜ್ಞಾನದವರು ಎಪಿಎ ಎಂಬ ಶೈಲಿ ಬಳಸುತ್ತಾರೆ. ನಿಮ್ಮ ವಿಭಾಗದ್ದು ಯಾವುದೆಂದು ಮೊದಲೇ ಕೇಳಿ.

ತೊಂದರೆ ಬರುವುದು ನಮ್ಮ ಹೆಸರುಗಳಲ್ಲಿ. ಈ ಶೈಲಿಗಳು ಹೆಸರನ್ನು ಮೊದಲ ಹೆಸರು, ಕುಲನಾಮ ಎಂದು ಒಡೆದು ತಿರುಗಿಸುತ್ತವೆ. ನಮ್ಮಲ್ಲಿ ಊರು, ತಂದೆಯ ಹೆಸರು, ಸ್ವಂತ ಹೆಸರು ಯಾವ ಕ್ರಮದಲ್ಲಿ ಬೇಕಾದರೂ ಇರುತ್ತವೆ. ತಂತ್ರಾಂಶ ಒಂದೇ ಲೇಖಕರನ್ನು ಗ್ರಂಥಸೂಚಿಯ ಎರಡು ಕಡೆ ಇಬ್ಬರಂತೆ ತೋರಿಸಿಬಿಡುತ್ತದೆ. ಜೋಟೆರೊದಲ್ಲಿ ಹೆಸರಿನ ಪಕ್ಕದ ಗುಂಡಿಯೊತ್ತಿ ಎರಡು ಖಾನೆಯನ್ನು ಒಂದೇ ಖಾನೆ ಮಾಡಿದರೆ ಹೆಸರು ಬರೆದಂತೆಯೇ ಉಳಿಯುತ್ತದೆ. ಯಾವುದಾದರೂ ಒಂದು ಕ್ರಮ ಹಿಡಿದು ಕೊನೆಯವರೆಗೆ ಅದನ್ನೇ ಪಾಲಿಸಿ.

ಎಐ ಚಾಟ್‌ಬಾಟ್ ಕೊಟ್ಟ ಆಕರಗಳ ಪಟ್ಟಿಯನ್ನು ಹಾಗೆಯೇ ಇಳಿಸಬೇಡಿ. ಇಲ್ಲದ ಲೇಖನಕ್ಕೆ ನಿಜವಾದ ಲೇಖಕರ ಹೆಸರು, ನಂಬುವಂಥ ಶೀರ್ಷಿಕೆ, ಪುಟಸಂಖ್ಯೆ ಸಮೇತ ಅವು ಸೃಷ್ಟಿಸಿಬಿಡುತ್ತವೆ. ಅನುಮಾನ ಬಂದದ್ದನ್ನು ಗ್ರಂಥಪಾಲಕರಿಗೆ ತೋರಿಸಿದರೆ ಲೇಖನದ ಗುರುತು ಸಂಖ್ಯೆಯಾದ ಡಿಒಐ, ನಿಯತಕಾಲಿಕೆಯ ಸಂಪುಟ, ಒಪ್ಯಾಕ್ ನೋಡಿ ಕೆಲವೇ ನಿಮಿಷದಲ್ಲಿ ಹೇಳಬಲ್ಲರು.

ಸಾಮ್ಯತೆಯ ವರದಿ: ಶೇಕಡಾ ಎಷ್ಟು, ಯಾಕೆ

ಯುಜಿಸಿ 2018ರ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಶೇ. 10ರವರೆಗಿನ ಸಾಮ್ಯತೆಗೆ, ಎಂದರೆ ಬೇರೆ ಬರಹಗಳೊಂದಿಗಿನ ಹೋಲಿಕೆಗೆ, ದಂಡವಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ 6 ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಸಲ್ಲಿಸಬೇಕು. 40ರಿಂದ 60ರವರೆಗಾದರೆ ತಿದ್ದಿದ ಪ್ರತಿಯನ್ನೂ ಒಂದು ವರ್ಷ ಸಲ್ಲಿಸುವಂತಿಲ್ಲ. 60 ಮೀರಿದರೆ ಆ ಕೋರ್ಸಿನ ನೋಂದಣಿಯೇ ರದ್ದು. ನಿಯೋಜಿತ ಬರಹ, ಪ್ರಾಜೆಕ್ಟ್ ವರದಿ, ಉತ್ತರಪತ್ರಿಕೆಗಳು ಈ ನಿಯಮಾವಳಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ವಿಶ್ವವಿದ್ಯಾಲಯ ತನ್ನದೇ ಮಿತಿ ಇಟ್ಟಿರಬಹುದು, ಅದನ್ನು ಕೇಳಿ ತಿಳಿಯಬೇಕು.

ಈ ಶೇಕಡಾವಾರು ಜ್ವರ ಅಳೆಯುವ ಥರ್ಮಾಮೀಟರ್ ಇದ್ದಂತೆ. ಅಂಕಿ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ತಂತ್ರಾಂಶ ಕಂಡುಹಿಡಿಯುವುದು ಪದಗಳ ಹೋಲಿಕೆಯನ್ನು, ಕಳ್ಳತನವನ್ನಲ್ಲ. ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ, ಸರಿಯಾಗಿ ಆಕರ ತೋರಿಸಿದ ಉದ್ಧರಣೆಗಳು, ಕಾನೂನಿನ ಪದಗಳು, ಸಾಮಾನ್ಯ ಸಮೀಕರಣಗಳು ಇವನ್ನೆಲ್ಲ ಲೆಕ್ಕದಿಂದ ಹೊರಗಿಡಬೇಕೆಂದು ನಿಯಮವೇ ಹೇಳುತ್ತದೆ. ಸತತ 14 ಪದಗಳವರೆಗಿನ ಆಕಸ್ಮಿಕ ಹೋಲಿಕೆಯನ್ನೂ ಬಿಡಬಹುದು. ಈ ಆಯ್ಕೆಗಳನ್ನು ಹಾಕದೆ ತೆಗೆದ ವರದಿಯಲ್ಲಿ ಅಂಕಿ ಸುಮ್ಮನೆ ಏರಿರುತ್ತದೆ. ಆದ್ದರಿಂದ ಅಂಕಿ ನೋಡಿ ಹೆದರುವ ಮುಂಚೆ ಬಣ್ಣ ಬಳಿದ ಸಾಲುಗಳನ್ನು ಒಂದೊಂದಾಗಿ ಗ್ರಂಥಪಾಲಕರ ಜೊತೆ ಕೂತು ನೋಡಿ. ಅಂಕಿ ಇಳಿಸಲು ಪದಗಳನ್ನು ಹಿಂದೆಮುಂದೆ ಮಾಡುವುದು ಪರಿಹಾರವಲ್ಲ. ಆಕರವನ್ನು ಮುಚ್ಚಿಟ್ಟು, ಅರ್ಥವಾದದ್ದನ್ನು ನಿಮ್ಮ ಮಾತಿನಲ್ಲಿ ಬರೆದು, ಕೊನೆಗೆ ಆಕರ ಹೇಳಬೇಕು.

ಕನ್ನಡ ಪ್ರಬಂಧಗಳಲ್ಲಿ ಇನ್ನೆರಡು ಸಂಗತಿ ಗಮನಿಸಬೇಕು. ಕಡತ ಯೂನಿಕೋಡ್‌ನಲ್ಲಿ ಇಲ್ಲದಿದ್ದರೆ ತಂತ್ರಾಂಶಕ್ಕೆ ಅದು ಕನ್ನಡವಾಗಿ ಕಾಣುವುದೇ ಇಲ್ಲ. ಆಗ ಬಂದ ಶೂನ್ಯ ಶೇಕಡಾಕ್ಕೆ ಬೆಲೆಯಿಲ್ಲ. ಪರೀಕ್ಷಿಸುವುದು ಸುಲಭ: ಒಂದು ಸಾಲು ನಕಲು ಮಾಡಿ ಬ್ರೌಸರಿನ ಹುಡುಕು ಪೆಟ್ಟಿಗೆಗೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್, ಅರ್ಥವಿಲ್ಲದ ರೋಮನ್ ಅಕ್ಷರಗಳು ಬಂದರೆ ಅಲ್ಲ. ಪರಿವರ್ತಕದಿಂದ ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ಓದಿ, ಹೆಚ್ಚು ಕೆಡುವುದು ಅವೇ. ಎರಡನೆಯದು, ಇಂಗ್ಲಿಷ್ ಲೇಖನವೊಂದನ್ನು ಕನ್ನಡಕ್ಕೆ ತಿರುಗಿಸಿ ಹೆಸರು ಹೇಳದೆ ಸೇರಿಸಿದರೆ ತಂತ್ರಾಂಶಕ್ಕೆ ಸಿಗದೆ ಹೋಗಬಹುದು. ಆದರೂ ಅದು ಕೃತಿಚೌರ್ಯವೇ, ವಿಷಯ ಬಲ್ಲ ಪರೀಕ್ಷಕರಿಗೆ ಸಿಕ್ಕಿಬೀಳುತ್ತದೆ.

ವರದಿ ತೆಗೆಸುವುದನ್ನು ಕೊನೆಯ ದಿನಕ್ಕೆ ಇಡಬೇಡಿ. ಸಲ್ಲಿಕೆಗೆ ಮೂರು ವಾರ ಇರುವಾಗ ಒಮ್ಮೆ ಕೊಟ್ಟರೆ ತಿದ್ದಲು ಸಮಯವಿರುತ್ತದೆ. ಕೊನೆಯ ವಾರ ಎಲ್ಲ ವಿಭಾಗದವರೂ ಒಟ್ಟಿಗೆ ಬರುತ್ತಾರೆ. ಕರಡನ್ನು ಪರಿಚಯವಿಲ್ಲದ ಉಚಿತ ತಾಣಗಳಿಗೆ ಹಾಕಬೇಡಿ. ಅಂಥ ತಾಣ ನಿಮ್ಮ ಬರಹವನ್ನು ಉಳಿಸಿಕೊಂಡರೆ ಮುಂದೆ ನಿಮ್ಮದೇ ಪ್ರಬಂಧ ನಿಮ್ಮ ಕರಡಿಗೆ ಹೋಲುತ್ತದೆಂದು ವರದಿ ಬಂದೀತು.

ಸಲ್ಲಿಸುವಾಗ

ಗ್ರಂಥಾಲಯಕ್ಕೆ ಕೊಡುವ ಪಿಡಿಎಫ್ ಅನ್ನು ಸ್ಕ್ಯಾನ್ ಮಾಡಿ ತಯಾರಿಸದೆ ವರ್ಡ್ ಕಡತದಿಂದಲೇ ಮಾಡಿ, ಫಾಂಟ್‌ಗಳನ್ನು ಅದರೊಳಗೆ ಸೇರಿಸಿ. ಅಧ್ಯಾಯವಾರು ಬೇರೆ ಬೇರೆ ಕಡತ ಕೇಳಿದರೆ ಹೆಸರಿನ ಮುಂದೆ 01, 02 ಎಂದು ಕ್ರಮಸಂಖ್ಯೆ ಹಾಕಿ. ಸಲ್ಲಿಕೆಯ ಅರ್ಜಿಯಲ್ಲಿ ಶೀರ್ಷಿಕೆಯನ್ನು ಕನ್ನಡ ಲಿಪಿಯಲ್ಲೂ ರೋಮನ್ ಲಿಪಿಯಲ್ಲೂ ಬರೆಯಿರಿ. ವಿಷಯಸೂಚಕ ಪದಗಳ ಜಾಗದಲ್ಲಿ ಜಿಲ್ಲೆ, ತಾಲ್ಲೂಕು, ಕಾಲಾವಧಿ, ನೀರುಗಂಟಿಯಂಥ ಸ್ಥಳೀಯ ಪದದ ಎಲ್ಲ ರೂಪಗಳನ್ನೂ ಕೊಡಿ. ಮುಂದೆ ಕೋಲಾರದ ಕೆರೆಗಳ ಮೇಲೆ ಹುಡುಕುವವರಿಗೆ ನಿಮ್ಮ ಪ್ರಬಂಧ ಸಿಗುವುದು ಆ ಒಂದು ಸಾಲಿನಿಂದ.